ಪದಕದ ಅಂಚಿನಲ್ಲಿ ಏನಿದೆ? ಹಳೆಯ ಯುದ್ಧವಸ್ತುಗಳನ್ನು ಓದುವ, ಇಟ್ಟುಕೊಳ್ಳುವ ಬಗೆ

2023ರ ಮೇ 23ರಂದು ಲಂಡನ್ನಿನ ಬೊನ್ಹಾಮ್ಸ್ ಹರಾಜಿನಲ್ಲಿ ಟಿಪ್ಪು ಸುಲ್ತಾನನ ಒಂದು ಖಡ್ಗ 1 ಕೋಟಿ 40 ಲಕ್ಷ ಪೌಂಡಿಗೂ ಹೆಚ್ಚಿಗೆ ಹೋಯಿತು. ಆಗಿನ ಲೆಕ್ಕದಲ್ಲಿ 140 ಕೋಟಿ ರೂಪಾಯಿಗೂ ಮೇಲೆ. ಹರಾಜಿನವರು ಮೊದಲು ಅಂದಾಜು ಮಾಡಿದ್ದು 15ರಿಂದ 20 ಲಕ್ಷ ಪೌಂಡು ಮಾತ್ರ. ಇಂಥ ಸುದ್ದಿ ಬಂದಾಗಲೆಲ್ಲ ನಮ್ಮ ಕಡೆ ಅಟ್ಟದ ಮೇಲಿನ ಟ್ರಂಕುಗಳು ಕೆಳಗಿಳಿಯುತ್ತವೆ. ಮುತ್ತಜ್ಜ ಮಿಲ್ಟ್ರಿಯಲ್ಲಿದ್ದರಂತೆ, ಬಸ್ರಾಕ್ಕೆ ಹೋಗಿದ್ದರಂತೆ ಎನ್ನುವ ಮಾತಿನ ಜೊತೆಗೆ ಕಪ್ಪಾದ ಒಂದು ಬಿಲ್ಲೆ, ಬಣ್ಣಗೆಟ್ಟ ರಿಬ್ಬನ್ನು, ಹರಿದ ಡಿಸ್ಚಾರ್ಜ್ ಸರ್ಟಿಫಿಕೇಟು ಕೈಗೆ ಬರುತ್ತವೆ. ಇದಕ್ಕೆ ಬೆಲೆ ಇದೆಯೇ? ಮನೆಯಲ್ಲಿ ಇಟ್ಟುಕೊಳ್ಳಬಹುದೇ? ಮಾರಬಹುದೇ? ಅಮೆರಿಕದಲ್ಲಿರುವ ಮಗ ತೆಗೆದುಕೊಂಡು ಹೋಗಬಹುದೇ?

ಪ್ರಶ್ನೆಗಳು ಸರಳ. ಉತ್ತರಕ್ಕೆ ಮಾತ್ರ ಸ್ವಲ್ಪ ಬುಡದಿಂದ ಬರಬೇಕಾಗುತ್ತದೆ.

ಮೂಲಪತ್ರವಿಲ್ಲದ ಸೈಟು

ಸೈನ್ಯಕ್ಕೆ, ಯುದ್ಧಕ್ಕೆ ಸೇರಿದ ಹಳೆಯ ವಸ್ತುಗಳನ್ನು ಸಂಗ್ರಾಹಕರು ಒಟ್ಟಾಗಿ ‘ಮಿಲಿಟೇರಿಯಾ’ ಎನ್ನುತ್ತಾರೆ. ಪದಕ, ಟೋಪಿಯ ಬ್ಯಾಡ್ಜು, ಬೆಲ್ಟಿನ ಬಕಲ್, ಸಮವಸ್ತ್ರ, ನೀರಿನ ಬಾಟಲಿ, ಕತ್ತಿ, ಬಂದೂಕು, ನಕ್ಷೆ, ಯುದ್ಧಭೂಮಿಯಿಂದ ಬರೆದ ಕಾಗದ ಎಲ್ಲವೂ ಇದರೊಳಗೆ ಬರುತ್ತವೆ.

ಇವುಗಳ ಬೆಲೆಯನ್ನು ಲೋಹವಾಗಲಿ ವಯಸ್ಸಾಗಲಿ ನಿರ್ಧರಿಸುವುದು ಕಡಿಮೆ. ಸೈಟು ಕೊಳ್ಳುವಾಗ ನಾವು ಏನು ಕೇಳುತ್ತೇವೆ? ಮೂಲಪತ್ರ ಎಲ್ಲಿ, ಯಾರಿಂದ ಯಾರಿಗೆ ಬಂತು, ಇಸಿ ಇದೆಯೇ ಎಂದು. ಎಷ್ಟೇ ಒಳ್ಳೆಯ ಜಾಗದಲ್ಲಿದ್ದರೂ ಕಾಗದವಿಲ್ಲದ ಸೈಟನ್ನು ತಿಳಿದವರು ಮುಟ್ಟುವುದಿಲ್ಲ. ಯುದ್ಧವಸ್ತುಗಳ ಲೋಕದಲ್ಲೂ ಹಾಗೆಯೇ. ಈ ವಸ್ತು ಯಾರದಾಗಿತ್ತು, ಯಾರ ಕೈಯಿಂದ ಯಾರ ಕೈಗೆ ಬಂತು ಎನ್ನುವ ಸರಪಳಿಗೆ ‘ಪ್ರಾವನೆನ್ಸ್’ ಎಂದು ಹೆಸರು. ನಾವು ಒಡೆತನದ ಜಾಡು ಎನ್ನೋಣ.

ಟಿಪ್ಪುವಿನ ಖಡ್ಗಕ್ಕೆ ಆ ಬೆಲೆ ಬಂದದ್ದು ಈ ಜಾಡಿನಿಂದ. 1799ರ ಮೇ 4ರಂದು ಶ್ರೀರಂಗಪಟ್ಟಣ ಬಿದ್ದಾಗ ಅದು ಸುಲ್ತಾನನ ಖಾಸಗಿ ಕೋಣೆಗಳಲ್ಲಿ ಸಿಕ್ಕಿತ್ತು. ಕೋಟೆಗೆ ಲಗ್ಗೆ ಹಾಕಿದ ಪಡೆಯನ್ನು ನಡೆಸಿದ್ದ ಮೇಜರ್ ಜನರಲ್ ಡೇವಿಡ್ ಬೇರ್ಡ್‌ಗೆ ಸೇನೆ ಅದನ್ನು ಒಪ್ಪಿಸಿತು. ಆ ಬೇರ್ಡ್ ಅದಕ್ಕೂ ಮೊದಲು, 1780ರ ಪೊಳ್ಳಿಲೂರು ಯುದ್ಧದಲ್ಲಿ ಮೈಸೂರು ಸೇನೆಗೆ ಸೆರೆಸಿಕ್ಕಿ ಇದೇ ಶ್ರೀರಂಗಪಟ್ಟಣದ ಸೆರೆಮನೆಯಲ್ಲಿ ಮೂರು ವರ್ಷಕ್ಕೂ ಹೆಚ್ಚು ಕಾಲ ಕೊಳೆತವನು. ಅಷ್ಟೇ ಚೆಂದದ, ಅಷ್ಟೇ ಹಳೆಯ ಇನ್ನೊಂದು ಕತ್ತಿಗೆ ಈ ಕತೆಯನ್ನು ತೋರಿಸುವ ಕಾಗದವಿಲ್ಲದಿದ್ದರೆ ಬೆಲೆ ಎಷ್ಟೋ ಪಟ್ಟು ಕೆಳಗಿಳಿಯುತ್ತದೆ.

ಸಾಮಾನ್ಯ ಸಿಪಾಯಿಯ ಪದಕಕ್ಕೆ ಇಂಥ ಕಾಗದ ಎಲ್ಲಿಂದ ಬರಬೇಕು? ಅದೃಷ್ಟಕ್ಕೆ, ಮೊದಲ ಮಹಾಯುದ್ಧದ ಪದಕಗಳ ಮೂಲಪತ್ರ ಪದಕದ ಮೇಲೆಯೇ ಇದೆ.

ಅಂಚನ್ನು ಓದುವುದು

ಪದಕ ಕೈಗೆ ಸಿಕ್ಕ ತಕ್ಷಣ ಎಲ್ಲರೂ ನೋಡುವುದು ಅದರ ಮೇಲಿನ ರಾಜನ ತಲೆಯನ್ನು. ಸಂಗ್ರಾಹಕ ಮೊದಲು ನೋಡುವುದು ಅಂಚನ್ನು, ಅಂದರೆ ನಾಣ್ಯದ ಸುತ್ತಲಿನ ದಪ್ಪದಂಥ ಭಾಗವನ್ನು. ಬಿಸಿಲಿಗೆ ಓರೆಯಾಗಿ ಹಿಡಿದು, ಭೂತಗನ್ನಡಿಯಿಟ್ಟು ನಿಧಾನವಾಗಿ ತಿರುಗಿಸಿದರೆ ಚಿಕ್ಕ ಇಂಗ್ಲಿಷ್ ಅಕ್ಷರಗಳು ಕಾಣುತ್ತವೆ: ಒಂದು ಸಂಖ್ಯೆ, ಹುದ್ದೆಯ ಸಂಕ್ಷಿಪ್ತ ರೂಪ, ಹೆಸರು, ಪಡೆಯ ಹೆಸರು.

ಭಾರತದಿಂದ ಮೊದಲ ಮಹಾಯುದ್ಧಕ್ಕೆ 10 ಲಕ್ಷಕ್ಕೂ ಹೆಚ್ಚು ಜನ ಹೊರದೇಶಕ್ಕೆ ಹೋದರು. 74,000ಕ್ಕೂ ಹೆಚ್ಚು ಮಂದಿ ಸತ್ತರು. ಹೋದವರಲ್ಲಿ ಹೆಚ್ಚಿನವರಿಗೆ ಸಿಕ್ಕದ್ದು ಎರಡು ಪದಕ. ಒಂದು ಬ್ರಿಟಿಷ್ ವಾರ್ ಮೆಡಲ್: 36 ಮಿಲಿಮೀಟರ್ ಅಗಲದ ಬೆಳ್ಳಿಯ ಬಿಲ್ಲೆ, ಒಂದು ಬದಿ ಐದನೇ ಜಾರ್ಜ್ ದೊರೆ, ಇನ್ನೊಂದು ಬದಿ ಕುದುರೆಯ ಮೇಲೆ ಕೂತ ಬೆತ್ತಲೆ ಸವಾರ. ಇನ್ನೊಂದು ವಿಕ್ಟರಿ ಮೆಡಲ್: ಕಂಚಿನದು, ಮೇಲೆ ರೆಕ್ಕೆಯುಳ್ಳ ಹೆಣ್ಣು, ಕಾಮನಬಿಲ್ಲಿನ ಬಣ್ಣದ ರಿಬ್ಬನ್ನು. 1915ರ ಕೊನೆಯೊಳಗೆ ರಣರಂಗ ಕಂಡವರಿಗೆ ಮೂರನೆಯದಾಗಿ ಕಂಚಿನ ಒಂದು ನಕ್ಷತ್ರವೂ ಸಿಕ್ಕಿತು. ನಕ್ಷತ್ರಕ್ಕೆ ಅಂಚಿಲ್ಲದ ಕಾರಣ ಹೆಸರನ್ನು ಬೆನ್ನಮೇಲೆ ಒತ್ತಿದ್ದಾರೆ.

ಇಲ್ಲೊಂದು ಪತ್ತೇದಾರಿ ಸುಳಿವು. ಎಷ್ಟೋ ಮನೆಗಳಲ್ಲಿ ಕಂಚಿನ ವಿಕ್ಟರಿ ಮೆಡಲ್ ಒಂದೇ ಉಳಿದಿರುತ್ತದೆ. ಸಾಮಾನ್ಯವಾಗಿ ಅದನ್ನು ಒಂಟಿಯಾಗಿ ಕೊಡುತ್ತಿರಲಿಲ್ಲ. ಹಾಗಾದರೆ ಜೊತೆಯದು ಎಲ್ಲಿ ಹೋಯಿತು? ಅದರಲ್ಲಿ ಸುಮಾರು ಒಂದು ಔನ್ಸ್ ಬೆಳ್ಳಿ ಇತ್ತಲ್ಲ, ಯಾವುದೋ ಕಷ್ಟಕಾಲದಲ್ಲಿ ಅಕ್ಕಸಾಲಿಗರ ಕುಲುಮೆ ಸೇರಿ ಮಗುವಿನ ಕಾಲ್ಗಡಗವೋ ಉಡಿದಾರವೋ ಆಗಿರುವ ಸಾಧ್ಯತೆಯೇ ಹೆಚ್ಚು. ಇದು ನಮ್ಮಲ್ಲಿ ಮಾತ್ರ ನಡೆದದ್ದೂ ಅಲ್ಲ; 1980ರಲ್ಲಿ ಬೆಳ್ಳಿಯ ದರ ಮುಗಿಲು ಮುಟ್ಟಿದಾಗ ಇಂಗ್ಲೆಂಡಿನಲ್ಲೇ ಇಂಥ ಪದಕಗಳು ರಾಶಿರಾಶಿಯಾಗಿ ಕರಗಿದವು.

ಇನ್ನೊಂದು ಸುಳಿವು ಇದಕ್ಕಿಂತ ಮುಖ್ಯ. ಬೆಳ್ಳಿಯದಾಗಬೇಕಿದ್ದ ಬ್ರಿಟಿಷ್ ವಾರ್ ಮೆಡಲ್ ನಿಮ್ಮಲ್ಲಿ ಕಂಚಿನದಾಗಿದ್ದರೆ ‘ನಕಲಿ’ ಎಂದು ಎಸೆಯಬೇಡಿ. ಕಂದಕ ತೋಡಿದ, ಹೊರೆ ಹೊತ್ತ, ರಸ್ತೆ ಹಾಕಿದ ಕೂಲಿ ಪಡೆಗಳವರಿಗೆ, ಅಂದರೆ ಭಾರತ, ಚೀನಾ, ಮಾಲ್ಟಾ ಮೊದಲಾದ ಕಡೆಯ ಲೇಬರ್ ಕೋರ್‌ಗಳವರಿಗೆ, ಅದೇ ಪದಕವನ್ನು ಕಂಚಿನಲ್ಲಿ ಕೊಟ್ಟರು. ಒಟ್ಟು ಸುಮಾರು 1,10,000. ಬೆಳ್ಳಿಯವು ಕೊಟ್ಟದ್ದು ಲಕ್ಷಗಟ್ಟಲೆ. ಹಾಗಾಗಿ ಆ ಕಾಲದಲ್ಲಿ ಕೂಲಿಯವನಿಗೆ ಸಾಕು ಎಂದು ಕೊಟ್ಟ ಅಗ್ಗದ ಲೋಹಕ್ಕೆ ಈಗ ಸಂಗ್ರಾಹಕರು ಬೆಳ್ಳಿಗಿಂತ ಹೆಚ್ಚು ಕೊಡುವುದುಂಟು.

ಹೆಸರು ಒಂದೇ, ಜನ ಹಲವರು

ಅಂಚಿನಲ್ಲಿ ಮುನಿಸ್ವಾಮಿ ಎಂದಿದೆ, ನಮ್ಮ ಮುತ್ತಜ್ಜನ ಹೆಸರೂ ಅದೇ, ಸಾಕಲ್ಲ? ಸಾಲದು. ಆಗ ಪಡೆಗೆ ಹತ್ತಾರು ಮುನಿಸ್ವಾಮಿಗಳಿದ್ದರು, ಜೊತೆಗೆ ಇಂಗ್ಲಿಷ್ ಗುಮಾಸ್ತರು ಕಿವಿಗೆ ಕೇಳಿದಂತೆ ಬರೆದುಕೊಂಡರು. ನಿಜವಾದ ಗುರುತು ಸಂಖ್ಯೆಯದು. ಅದರಲ್ಲೂ ಒಂದು ತೊಡಕಿದೆ: ಆಗಿನ ಭಾರತೀಯ ಸೇನೆಯಲ್ಲಿ ಒಂದೊಂದು ರೆಜಿಮೆಂಟಿಗೂ ಬೇರೆ ಬೇರೆ ಸಂಖ್ಯೆಯ ಸಾಲಿತ್ತು. ಎರಡು ಶಾಲೆಗಳಲ್ಲಿ ರೋಲ್ ನಂಬರ್ 12 ಇರುವಂತೆ. ಶಾಲೆಯ ಹೆಸರು ಗೊತ್ತಿಲ್ಲದೆ ರೋಲ್ ನಂಬರಿಗೆ ಅರ್ಥವಿಲ್ಲ.

ಪಡೆಯ ಹೆಸರು ಈಗಿನ ಸೇನೆಯಲ್ಲಿ ಸಿಗದಿದ್ದರೆ ಗಾಬರಿ ಬೇಡ. 1922ರ ಸುಮಾರಿಗೆ ಸೇನೆಯನ್ನು ಪುನರ್ರಚಿಸಿದಾಗ ಹಳೆಯ ಹೆಸರು, ಸಂಖ್ಯೆಗಳೆಲ್ಲ ಬದಲಾದವು. ಬೆಂಗಳೂರಿನೊಂದಿಗೆ ನಂಟಿದ್ದ ಮದ್ರಾಸ್ ಪಯೋನಿಯರ್ಸ್ ಪಡೆಯನ್ನು 1933ರಲ್ಲಿ ವಿಸರ್ಜಿಸಿಯೇ ಬಿಟ್ಟರು. 1918ರ ಸೆಪ್ಟೆಂಬರ್ 23ರಂದು ಜೋಧಪುರದ ಲ್ಯಾನ್ಸರ್‌ಗಳ (ಈಟಿ ಹಿಡಿದ ಕುದುರೆ ಸವಾರರ) ಜೊತೆ ಸೇರಿ ಈಗಿನ ಇಸ್ರೇಲಿನ ಹೈಫಾ ಪಟ್ಟಣ ಗೆದ್ದ ಮೈಸೂರು ಲ್ಯಾನ್ಸರ್ಸ್ 1953ರಲ್ಲಿ ಬೇರೆ ಸಂಸ್ಥಾನಗಳ ಅಶ್ವಪಡೆಗಳೊಡನೆ 61ನೇ ಕ್ಯಾವಲ್ರಿಯಲ್ಲಿ ಲೀನವಾಯಿತು. ಅದರ ಸ್ಮಾರಕ ಬೆಂಗಳೂರಿನ ಜೆ.ಸಿ. ನಗರದಲ್ಲಿದೆ. ಹಳೆಯ ಮೈಸೂರು ಸೀಮೆಯ ಮನೆಯಲ್ಲಿ ಸಿಕ್ಕ ಪದಕದ ಅಂಚಿನಲ್ಲಿ ‘ಮೈಸೂರು’ ಎಂಬ ಅಕ್ಷರಗಳು ಕಂಡರೆ ಅಲ್ಲೇ ನಿಂತು ಎರಡನೇ ಸಲ ಓದಿ.

ಯುದ್ಧದಲ್ಲಿ ಮಡಿದವರಾದರೆ, ಅಂಥವರ ಸಮಾಧಿಗಳನ್ನು ನೋಡಿಕೊಳ್ಳುವ ಸಂಸ್ಥೆಯಾದ ಕಾಮನ್‌ವೆಲ್ತ್ ವಾರ್ ಗ್ರೇವ್ಸ್ ಕಮಿಷನ್ನಿನ ಅಂತರ್ಜಾಲ ಪಟ್ಟಿಯಲ್ಲಿ ಹೆಸರು, ಪಡೆ, ಸಂಖ್ಯೆ ಕೊಟ್ಟು ಉಚಿತವಾಗಿ ಹುಡುಕಬಹುದು. ಬದುಕಿ ಬಂದವರ ಜಾಡು ಹಿಡಿಯುವುದು ಕಷ್ಟ. ಅದಕ್ಕೇ ಮನೆಯಲ್ಲಿರುವ ಡಿಸ್ಚಾರ್ಜ್ ಸರ್ಟಿಫಿಕೇಟು, ಪಿಂಚಣಿ ಪುಸ್ತಕ ಪದಕಕ್ಕಿಂತ ದೊಡ್ಡ ಆಸ್ತಿ.

ಎರಡನೇ ಮಹಾಯುದ್ಧಕ್ಕೆ ಬಂದರೆ ಭಾರತೀಯ ಸೈನಿಕರ ಸಂಖ್ಯೆ 25 ಲಕ್ಷ ಮುಟ್ಟುತ್ತದೆ, ಪದಕಗಳೂ ಹೆಚ್ಚಾಗುತ್ತವೆ. ಆರು ಮೂಲೆಯ ಹಳದಿ ಲೋಹದ ನಕ್ಷತ್ರ ಸಿಕ್ಕರೆ ಅದು ಯಾವ ರಣರಂಗದ್ದು ಎಂದು ಅದರ ಮೇಲೆಯೇ ಬರೆದಿರುತ್ತದೆ: ಬರ್ಮಾ, ಆಫ್ರಿಕಾ, ಇಟಲಿ. ದೇಶದೊಳಗೇ ಮೂರು ವರ್ಷ ಸೇವೆ ಸಲ್ಲಿಸಿದ ಭಾರತೀಯ ಪಡೆಗಳವರಿಗೆ ಇಂಡಿಯಾ ಸರ್ವಿಸ್ ಮೆಡಲ್ ಎಂಬುದಿತ್ತು. ಹಿಂಬದಿಯಲ್ಲಿ ಅಖಂಡ ಭಾರತದ ನಕ್ಷೆ. ಈ ಯುದ್ಧದ ಪದಕಗಳಿಗೆ ಬ್ರಿಟನ್ ತನ್ನ ಸೈನಿಕರ ಹೆಸರನ್ನು ಒತ್ತಲಿಲ್ಲ. ಭಾರತೀಯರಿಗೆ ಕೊಟ್ಟವುಗಳಲ್ಲಿ ಮಾತ್ರ ಹೆಸರಿರುವವೂ ಸಿಗುತ್ತವೆ. ಆದ್ದರಿಂದ ಇವನ್ನೂ ತಿರುಗಿಸಿ ನೋಡುವುದು ಒಳ್ಳೆಯದು.

ಹುಲಿಯ ಮೇಲೆ ಸಿಂಹ: ಶ್ರೀರಂಗಪಟ್ಟಣದ ಪದಕ

ಕನ್ನಡನಾಡಿನ ನೆಲಕ್ಕೆ ನೇರವಾಗಿ ಸೇರಿದ ಯುದ್ಧಪದಕವೊಂದಿದೆ. 1799ರ ಮುತ್ತಿಗೆಯಲ್ಲಿ ಪಾಲ್ಗೊಂಡವರಿಗೆ ಈಸ್ಟ್ ಇಂಡಿಯಾ ಕಂಪನಿ 1808ರಲ್ಲಿ ಹಂಚಿದ್ದು. ಒಂದು ಬದಿ ಬ್ರಿಟನ್ನಿನ ಸಿಂಹ ಹುಲಿಯನ್ನು ಕೆಡವಿ ಮೇಲೆ ನಿಂತಿದೆ. ಹುಲಿ ಯಾರ ಲಾಂಛನವೆಂದು ಹೇಳಬೇಕಿಲ್ಲ. ಮೇಲಿನ ಬಾವುಟದಲ್ಲಿ ‘ದೇವರ ಸಿಂಹವೇ ಜಯಶಾಲಿ’ ಎಂಬ ಅರ್ಥದ ಅರಬ್ಬಿ ಬರಹ. ಹಿಂಬದಿಯಲ್ಲಿ ಕೋಟೆಯ ಒಡೆದ ಗೋಡೆಗೆ ಸೈನಿಕರು ನುಗ್ಗುತ್ತಿರುವ ಚಿತ್ರ, ಕೆಳಗೆ ಪಾರಸಿಯಲ್ಲಿ ಹಿಜರಿ ತಾರೀಖು.

ಒಂದೇ ಚಿತ್ರ, ಐದು ಲೋಹ: ಚಿನ್ನ, ಚಿನ್ನದ ನೀರು ಹಾಕಿದ ಬೆಳ್ಳಿ, ಬೆಳ್ಳಿ, ಕಂಚು, ತವರ. ಮೇಲಿನ ತುದಿಯಲ್ಲಿ ದಂಡನಾಯಕರು, ಕೆಳಗಿನ ತುದಿಯಲ್ಲಿ ತವರ ಪಡೆದ ಸಾಮಾನ್ಯ ಸಿಪಾಯಿ. ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮಿನ ಸೋಹೋ ಟಂಕಸಾಲೆಯಲ್ಲಿ ಅಚ್ಚಾದವು 48 ಮಿಲಿಮೀಟರ್, ಕಲ್ಕತ್ತದಲ್ಲಿ ಅಚ್ಚಾದವು 45 ಮಿಲಿಮೀಟರ್ ಅಗಲ. ಹಾಗಾಗಿ ಈ ಪದಕ ಕಂಡಾಗ ತಿಳಿದವರು ಮೊದಲು ಅಳತೆ ತೆಗೆಯುತ್ತಾರೆ. ಇದರ ಅಂಚಿನಲ್ಲಿ ಸರ್ಕಾರ ಹೆಸರು ಒತ್ತಿಸಲಿಲ್ಲ. ಆದ್ದರಿಂದ ಒಡೆತನದ ಜಾಡಿನ ಭಾರವೆಲ್ಲ ಮತ್ತೆ ಕಾಗದದ ಮೇಲೆಯೇ ಬೀಳುತ್ತದೆ. ಗೆದ್ದವರು ಕಟ್ಟಿಕೊಂಡ ಚಿತ್ರವಾದರೂ, ಟಿಪ್ಪುವಿನ ಹುಲಿಗೆ ಅವರು ಎಷ್ಟು ಹೆದರಿದ್ದರೆಂಬುದು ಅದರಲ್ಲೇ ಕಾಣುತ್ತದೆ ಎಂದು ನನಗೆ ಅನ್ನಿಸುವುದುಂಟು.

ಸಕ್ಕರೆ ಅಚ್ಚು ಮತ್ತು ನಾಣ್ಯ

ನಕಲಿಗಳ ವಿಷಯ. ಅಸಲಿ ಪದಕವನ್ನು ನಾಣ್ಯದಂತೆ ಟಂಕಿಸುತ್ತಾರೆ: ಗಟ್ಟಿ ಲೋಹದ ಬಿಲ್ಲೆಯ ಮೇಲೆ ಉಕ್ಕಿನ ಅಚ್ಚನ್ನು ಭಾರಿ ಬಲದಿಂದ ಒತ್ತುತ್ತಾರೆ. ನಕಲಿ ಮಾಡುವವರು ಅಸಲಿಯಿಂದ ಅಚ್ಚು ತೆಗೆದು ಅದಕ್ಕೆ ಕರಗಿದ ಲೋಹ ಹೊಯ್ಯುತ್ತಾರೆ, ಸಂಕ್ರಾಂತಿಗೆ ಸಕ್ಕರೆ ಅಚ್ಚು ಹೊಯ್ದಂತೆ. ಸಕ್ಕರೆ ಅಚ್ಚಿನ ಆನೆಯನ್ನು ಹತ್ತಿರದಿಂದ ನೋಡಿದ್ದೀರಲ್ಲ? ಕಣ್ಣು, ಕಿವಿಯ ಗೆರೆಗಳು ಮೊಂಡು, ಮೈಮೇಲೆ ಸಣ್ಣ ಗುಳ್ಳೆಯ ಕುಳಿಗಳು, ಎರಡು ಹೋಳು ಸೇರಿದ ಕಡೆ ಒಂದು ಗೆರೆ. ಎರಕದ ಪದಕದಲ್ಲೂ ಇವೇ ಮೂರು ಗುರುತು. ಎರಕದ ಲೋಹ ತಣಿಯುವಾಗ ಕುಗ್ಗುವುದರಿಂದ ಅಳತೆಯೂ ಕೂದಲೆಳೆಯಷ್ಟು ಕಡಿಮೆ.

ಇದಕ್ಕಿಂತ ಜಾಣತನದ ಮೋಸ ಇನ್ನೊಂದಿದೆ. ಪದಕ ಅಸಲಿ, ಹೆಸರು ನಕಲಿ. ಮಾಮೂಲಿ ಸೈನಿಕನ ಹೆಸರನ್ನು ಅಂಚಿನಿಂದ ಅರದಿಂದ ಉಜ್ಜಿ ತೆಗೆದು, ಪ್ರಸಿದ್ಧ ಕಾಳಗದಲ್ಲಿದ್ದವನ ಹೆಸರು ಒತ್ತುತ್ತಾರೆ. ಉಜ್ಜಿದಾಗ ಲೋಹ ಸವೆಯುತ್ತದಲ್ಲ, 36 ಮಿಲಿಮೀಟರ್ ಇರಬೇಕಾದ ಪದಕ ವರ್ನಿಯರ್ ಕ್ಯಾಲಿಪರ್‌ನಲ್ಲಿ 36 ತೋರಿಸುವುದಿಲ್ಲ. ಪೂರ್ತಿ ಸುತ್ತು ಅಳೆದರೆ ಒಂದು ಕಡೆ ತಗ್ಗು ಸಿಗುತ್ತದೆ.

ಕತ್ತಿಗಳಲ್ಲಿ ಮೋಸ ಇನ್ನೂ ಹೆಚ್ಚು. ದಕ್ಷಿಣ ಭಾರತದ ಮೂಸೆಯ ಉಕ್ಕು ಜಗತ್ತಿನಲ್ಲೆಲ್ಲ ‘ವೂಟ್ಜ್’ ಎಂದು ಹೆಸರಾಯಿತು. ಆ ಮಾತು ನಮ್ಮ ‘ಉಕ್ಕು’ ಎಂಬುದರ ಅಪಭ್ರಂಶ ಎನ್ನುವುದು ಹೆಚ್ಚಿನವರು ಒಪ್ಪುವ ವಿವರಣೆ. ಅದರ ಅಲಗಿನ ಮೇಲೆ ನೀರಿನ ಅಲೆಯಂಥ ಗೆರೆಗಳು ಲೋಹದ ಒಳಗಿನಿಂದಲೇ ಮೂಡಿರುತ್ತವೆ. ಈಗ ಸಾಧಾರಣ ಉಕ್ಕಿನ ಮೇಲೆ ಆಮ್ಲದಿಂದ ಆ ಗೆರೆ ಬರೆದು ಮಾರುವವರಿದ್ದಾರೆ. ಬರೆದ ಗೆರೆ ಮೇಲ್ಮೈಯಲ್ಲಷ್ಟೇ ಇರುತ್ತದೆ. ಹುಲಿ ಪಟ್ಟೆ ಕೆತ್ತಿದ ಕತ್ತಿಯೆಲ್ಲ ಟಿಪ್ಪುವಿನದು ಎಂದು ಹೇಳುವವರ ಹತ್ತಿರ ಜಾಡಿನ ಕಾಗದ ಕೇಳಿದರೆ ಸಾಕು, ಮಾತು ಅಲ್ಲಿಗೇ ನಿಲ್ಲುತ್ತದೆ.

ಹುಣಸೆಹಣ್ಣು ಬೇಡ

ಪದಕ ಸಿಕ್ಕ ದಿನವೇ ಅಡುಗೆಮನೆಗೆ ಹೋಗಿ ಹುಣಸೆಹಣ್ಣೋ ವಿಭೂತಿಯೋ ಹಾಕಿ ದೇವರ ದೀಪದಂತೆ ಫಳಫಳ ಬೆಳಗುವುದು ನಮ್ಮ ಮನೆಗಳ ಅಭ್ಯಾಸ. ಈ ವಿಷಯದಲ್ಲಿ ಅದು ದೊಡ್ಡ ತಪ್ಪು. ಮೇಲಿನ ಕಪ್ಪು ಪದರ ಲೋಹಕ್ಕೆ ಹೊದಿಕೆಯಂತೆ. ಪ್ರತಿ ಸಲ ಉಜ್ಜಿದಾಗಲೂ ಅದರ ಜೊತೆ ಅಂಚಿನ ಅಕ್ಷರ ಒಂದಿಷ್ಟು ಹೋಗುತ್ತದೆ. ಒಣ ಹತ್ತಿಬಟ್ಟೆಯಲ್ಲಿ ಧೂಳು ಒರೆಸಿದರೆ ಸಾಕು.

ಮೆದು ಪ್ಲಾಸ್ಟಿಕ್ಕಿನ ಪಿವಿಸಿ ಕವರಿನಲ್ಲಿ ಇಡಬೇಡಿ. ಅದು ಕಾಲಕ್ರಮೇಣ ಆಮ್ಲ ಬಿಟ್ಟು ಕಂಚಿಗೆ ಹಸಿರು ಕಿಲುಬು ಹಿಡಿಸುತ್ತದೆ. ರಿಬ್ಬನ್ನು ಎಷ್ಟೇ ಹರಿದಿದ್ದರೂ ಕಿತ್ತು ಹೊಸದು ಹಾಕಬೇಡಿ. ಒಬ್ಬನ ಪದಕಗಳೆಲ್ಲ ಒಟ್ಟಿಗಿರಲಿ. ಅಣ್ಣತಮ್ಮಂದಿರು ಪಾಲು ಮಾಡುವಾಗ ಒಂದೊಂದು ಹಂಚಿಕೊಂಡರೆ ಮೂರೂ ಅನಾಥವಾಗುತ್ತವೆ. ಇನ್ನು ಹಳೆಯ ಕಾಗದಗಳಿಗೆ ಲ್ಯಾಮಿನೇಷನ್ ಖಂಡಿತ ಬೇಡ. ಬಿಸಿಗೆ ಅಂಟಿದ ಪ್ಲಾಸ್ಟಿಕ್ಕನ್ನು ಕಾಗದ ಹಾಳುಮಾಡದೆ ಬಿಡಿಸಲಾಗದು.

ನೂರು ವರ್ಷದ ಗೆರೆ

ಕಾನೂನಿನ ಮುಖ್ಯ ಗೆರೆ 100 ವರ್ಷದ್ದು. 1972ರ ಪುರಾತನ ವಸ್ತುಗಳು ಮತ್ತು ಕಲಾನಿಧಿಗಳ ಕಾಯ್ದೆ, ಕನಿಷ್ಠ 100 ವರ್ಷ ಹಳೆಯದಾದ ಐತಿಹಾಸಿಕ ಮಹತ್ವದ ವಸ್ತುವನ್ನು ಪುರಾತನ ವಸ್ತು ಎನ್ನುತ್ತದೆ. ಹಸ್ತಪ್ರತಿ, ದಾಖಲೆಗಳಿಗೆ 75 ವರ್ಷ. ಮೊದಲ ಮಹಾಯುದ್ಧದ ಪದಕಗಳು ಈಚೆಗೆ, ನಮ್ಮ ಕಣ್ಣೆದುರಿಗೇ, ಈ ಗೆರೆ ದಾಟಿವೆ.

ಮನೆಯಲ್ಲಿ ಇಟ್ಟುಕೊಳ್ಳುವುದಕ್ಕೆ, ಮಕ್ಕಳಿಗೆ ಬಿಟ್ಟುಹೋಗುವುದಕ್ಕೆ ಅಡ್ಡಿಯಿಲ್ಲ. ಆದರೆ ಪುರಾತನ ವಸ್ತುಗಳ ವ್ಯಾಪಾರ ಮಾಡಲು ಪರವಾನಗಿ ಬೇಕು. ಖಾಸಗಿಯವರು ದೇಶದಿಂದ ಹೊರಗೆ ಸಾಗಿಸುವುದಂತೂ ನಿಷಿದ್ಧ. ಸಿಕ್ಕಿಬಿದ್ದರೆ 6 ತಿಂಗಳಿಂದ 3 ವರ್ಷದವರೆಗೆ ಸೆರೆ, ಜೊತೆಗೆ ದಂಡ. ಹೊರದೇಶದಲ್ಲಿರುವ ಮಗನೋ ಮೊಮ್ಮಗಳೋ ಸೂಟ್‌ಕೇಸಿನಲ್ಲಿ ಹಾಕಿಕೊಳ್ಳುವ ಮುಂಚೆ ಭಾರತೀಯ ಪುರಾತತ್ವ ಸರ್ವೇಕ್ಷಣ ಇಲಾಖೆಯನ್ನು ಕೇಳಬೇಕು. ವಸ್ತು ಗೆರೆಯ ಈಚೆಗಿದ್ದರೆ ‘ಇದು ಪುರಾತನ ವಸ್ತುವಲ್ಲ’ ಎಂಬ ಪ್ರಮಾಣಪತ್ರ ಅವರಿಂದ ಸಿಗುತ್ತದೆ.

ಬಂದೂಕಿಗೆ ಬೇರೆ ಕಾನೂನು, 1959ರ ಶಸ್ತ್ರಾಸ್ತ್ರ ಕಾಯ್ದೆ. ಓಬೀರಾಯನ ಕಾಲದ್ದು ಎಂದ ಮಾತ್ರಕ್ಕೆ ಲೈಸೆನ್ಸ್ ಬೇಡವೆಂದಲ್ಲ. ರಿಪೇರಿ ಮಾಡಿದರೂ ಗುಂಡು ಹಾರಿಸಲಾಗದಷ್ಟು ಕೆಟ್ಟಿದ್ದರೆ ಮಾತ್ರ ವಿನಾಯಿತಿ. ಅಟ್ಟದ ಮೇಲಿನ ಕೇಪಿನ ಕೋವಿ ಇನ್ನೂ ಹಾರುವ ಸ್ಥಿತಿಯಲ್ಲಿದ್ದರೆ ಅದು ಕಾನೂನಿನ ಕಣ್ಣಿಗೆ ಬಂದೂಕೇ. ಕೊಡವರಿಗೆ, ಕೊಡಗಿನ ವಂಶಪಾರಂಪರ್ಯ ಜಮ್ಮಾ ಭೂಮಿಯ ಹಿಡುವಳಿದಾರರಿಗೆ ಇರುವ ಲೈಸೆನ್ಸ್ ವಿನಾಯಿತಿಯ ಕತೆ ಬೇರೆ. ಕೈಲ್‌ಪೊಳ್ದ್ ಹಬ್ಬಕ್ಕೆ ಪೂಜೆಗೊಳ್ಳುವ ಕೋವಿ, ಒಡಿಕತ್ತಿಗಳನ್ನು ಅಲ್ಲಿ ಯಾರೂ ಸಂಗ್ರಹದ ವಸ್ತು ಎನ್ನುವುದಿಲ್ಲ, ಅವು ಮನೆಯವು. ಕತ್ತಿಗೆ ಲೈಸೆನ್ಸ್ ಬೇಕೋ ಬೇಡವೋ ಎನ್ನುವುದು ಸರ್ಕಾರ ಆ ಪ್ರದೇಶಕ್ಕೆ ಅಧಿಸೂಚನೆ ಹೊರಡಿಸಿದೆಯೇ ಎನ್ನುವುದರ ಮೇಲೆ ನಿಂತಿದೆ. ಹಿಡಿಕೆ ದಂತದ್ದಾಗಿದ್ದರೆ ವನ್ಯಜೀವಿ ಸಂರಕ್ಷಣಾ ಕಾಯ್ದೆಯೂ ನಡುವೆ ಬರುತ್ತದೆ, ಅಂಥದನ್ನು ಮಾರುವ ಮಾತೇ ಇಲ್ಲ.

ಟ್ರಂಕಿನಲ್ಲಿ ಗ್ರೆನೇಡಿನಂಥದೋ ಶೆಲ್ಲಿನಂಥದೋ ಸಿಕ್ಕರೆ ಎತ್ತಬೇಡಿ, ಅಲುಗಿಸಬೇಡಿ, ಫೋಟೊಗೆ ತಿರುಗಿಸಿಡಬೇಡಿ. ಮದ್ದು ಹಳೆಯದಾದಷ್ಟೂ ಅದರ ನಡತೆ ಹೇಳಲಾಗದು. ಮನೆಯವರೆಲ್ಲ ಹೊರಗೆ ಬಂದು ಪೊಲೀಸರಿಗೆ ತಿಳಿಸಿ.

ಬಾವಿಯಲ್ಲಿ ಸಿಕ್ಕ ರಾಕೆಟ್ಟುಗಳು

ಟ್ರಂಕಿನಲ್ಲಿ ಸಿಕ್ಕದ್ದು ಕುಟುಂಬದ್ದು. ನೆಲದಡಿಯಲ್ಲಿ ಸಿಕ್ಕದ್ದು ಹಾಗಲ್ಲ; ಸ್ವಂತ ಜಮೀನೇ ಆದರೂ ನಿಧಿಯ ಕಾಯ್ದೆಯಂತೆ ಸರ್ಕಾರಕ್ಕೆ ತಿಳಿಸಬೇಕು. ಯಾಕೆ ಎನ್ನುವುದಕ್ಕೆ ಶಿವಮೊಗ್ಗ ಜಿಲ್ಲೆಯ ‘ನಗರ’ ಎಂಬ ಊರಿನಲ್ಲಿ ನಡೆದದ್ದನ್ನು ನೋಡಬಹುದು. ಇದು ಕೆಳದಿ ಅರಸರ ಬಿದನೂರು. 1763ರಲ್ಲಿ ಹೈದರ್ ಅಲಿ ಗೆದ್ದು ಹೈದರ್‌ನಗರ ಎಂದು ಹೆಸರಿಟ್ಟ ಊರು. 2018ರಲ್ಲಿ ಇಲ್ಲಿನ ಪಾಳುಬಾವಿಯೊಂದನ್ನು ಪುರಾತತ್ವ ಇಲಾಖೆಯವರು ಅಗೆದಾಗ ಮಣ್ಣು ಮದ್ದಿನ ವಾಸನೆ ಬೀರುತ್ತಿತ್ತು, ಒಳಗೆ ಸಾವಿರಕ್ಕೂ ಹೆಚ್ಚು ರಾಕೆಟ್ಟುಗಳಿದ್ದವು. ಸುಮಾರು 23ರಿಂದ 26 ಸೆಂಟಿಮೀಟರ್ ಉದ್ದದ, ತುಕ್ಕು ಹಿಡಿದ ಕಬ್ಬಿಣದ ಕೊಳವೆಗಳು. ಬಿದಿರಿಗೆ ಕಟ್ಟಿ ಹಾರಿಸುತ್ತಿದ್ದ ಇಂಥವೇ ರಾಕೆಟ್ಟುಗಳನ್ನು ಬ್ರಿಟಿಷರು ಶ್ರೀರಂಗಪಟ್ಟಣದಿಂದ ಹೊತ್ತೊಯ್ದು ನೋಡಿ, ತಮ್ಮ ಕಾಂಗ್ರೀವ್ ರಾಕೆಟ್ಟನ್ನು ಕಟ್ಟಿದ್ದು.

ಈ ಕೊಳವೆಗಳಲ್ಲಿ ಒಂದನ್ನು ಯಾರೋ ರಾತ್ರೋರಾತ್ರಿ ಎತ್ತಿಕೊಂಡು ಹೋಗಿ ಮಾರಿದ್ದರೆ ಕೊಂಡವನ ಕೈಯಲ್ಲಿ ಉಳಿಯುತ್ತಿದ್ದದ್ದು ಗೇಣುದ್ದದ ತುಕ್ಕು ಕೊಳವೆ. ಸಾವಿರವೂ ಒಂದೇ ಬಾವಿಯಲ್ಲಿ, ಹೂತಿದ್ದ ಮಣ್ಣಿನ ಸಮೇತ ಸಿಕ್ಕಿದ್ದರಿಂದ ಅವುಗಳ ಅಳತೆ, ಒಳಗಿನ ಮದ್ದು, ಇಟ್ಟಿದ್ದ ರೀತಿ ಎಲ್ಲವನ್ನೂ ಪರೀಕ್ಷಿಸಲು ಸಾಧ್ಯವಾಯಿತು. ಅವನ್ನು ಶಿವಮೊಗ್ಗದ ಸರ್ಕಾರಿ ವಸ್ತುಸಂಗ್ರಹಾಲಯಕ್ಕೆ ಸೇರಿಸಲಾಗಿದೆ.